ಭಾನುವಾರದ ಇಂಜಿನ್ನು

ಚಕ್ರ ಅಲುಗಲಿಲ್ಲ. ಬಿಸ್ಮಿಲ್ಲಾ ಅದನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದ, ಅಂಗೈ ಕೊಟ್ಟು ತಳ್ಳಿ ನೋಡಿದ, ಕೊನೆಗೆ ನಾಲಗೆಯ ತುದಿಗೆ ಬಂದ ಬೈಗುಳವನ್ನು ಇದು ಸಾವಿನ ಮನೆ ಎಂದು ನೆನೆದು ನುಂಗಿಕೊಂಡ. ಊಟದ ಕ್ಯಾರಿಯರ್‌ನಷ್ಟೇ ಇದ್ದ ಹಿತ್ತಾಳೆಯ ಉಗಿ ಇಂಜಿನ್ನು ಜಗಲಿಯ ಮೇಲೆ ಅವನೆದುರು ಏನೂ ಆಗದ ಹಾಗೆ ಕೂತಿತ್ತು. ಅದನ್ನು ಕೈಯಾರೆ ಮಾಡಿದ ಕೆಂಪಯ್ಯ ಅಂಗಳದ ಶಾಮಿಯಾನದ ಕೆಳಗೆ, ಹಲಗೆಯ ಮೇಲೆ, ಕೊರಳ ತುಂಬ ಚೆಂಡುಹೂವು ಹಾಕಿಸಿಕೊಂಡು ಮಲಗಿದ್ದ.

ಸಾವೇನೋ ಒಳ್ಳೆಯ ಸಾವು. ಬಂದವರೆಲ್ಲ ಅದನ್ನೇ ಹೇಳುತ್ತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಮಗನಿಗೆ ನೌಕರಿ, ಹೆಂಡತಿ ಗಟ್ಟಿಮುಟ್ಟು. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮೂರು ತಿಂಗಳು ಮಂಚ ಹಿಡಿದದ್ದೊಂದನ್ನು ಬಿಟ್ಟರೆ ಯಾರಿಗೂ ಭಾರವಾದವನಲ್ಲ. ಹಿಂದಿನ ಸಂಜೆ ಮಜ್ಜಿಗೆ ಅನ್ನ ಉಂಡು, ಇನ್ನೊಂದು ತುತ್ತು ಹಾಕು ಅಂತ ಕೇಳಿ ಹಾಕಿಸಿಕೊಂಡು ಮಲಗಿದವನು ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿದ್ದ. ಚನ್ನಪಟ್ಟಣದ ಅಂಚಿನ ಆ ಬೀದಿಯ ಮುದುಕರೆಲ್ಲ ಬಂದು ಹೂವು ಹಾಕಿ, ನಮಗೂ ಹಿಂಗೇ ಬಂದ್ರೆ ಸಾಕಪ್ಪಾ ಎಂದು ಕೈಮುಗಿದು ಕುರ್ಚಿ ಹಿಡಿದಿದ್ದರು.

ಕಷ್ಟ ತಂದಿಟ್ಟವಳು ಕಾವೇರಮ್ಮ. ಬೆಳಿಗ್ಗೆ, ಕಲ್ಯದಿಂದ ಮೊದಲ ಬಸ್ಸಿಗೇ ಬಂದಿಳಿದ ಮೈದುನ ನಾಗರಾಜು, ಗುಂಡಿ ತೋಡುವವರಿಗೆ ಹೇಳಿಯಾಯಿತು, ತಮಟೆಯವರು ಬರುತ್ತಾರೆ, ಹೊತ್ತು ಇಳಿಯುವ ಮುಂಚೆ ಎತ್ತಿಬಿಡೋಣ ಎಂದು ಹೇಳುತ್ತಿದ್ದಾಗ ಆಕೆ ಕಂಬಕ್ಕೆ ಒರಗಿ ಕೂತಿದ್ದವಳು ತಲೆಯೆತ್ತಿ ಒಂದೇ ಮಾತು ಆಡಿದ್ದಳು.

"ಆ ಇಂಜಿನ್ನು ಓಡೋವರ್ಗೂ ನಮ್ಮೆಜಮಾನ್ರನ್ನ ಎತ್ತಕೂಡ್ದು. ಅವರ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿವ್ನಿ."

ದುಃಖದಲ್ಲಿ ಏನೋ ಅಂದಳು, ಒಸಿ ಹೊತ್ತಿಗೆ ಸರಿಹೋಗ್ತಾಳೆ ಅಂದುಕೊಂಡರು ಎಲ್ಲರೂ. ಮಧ್ಯಾಹ್ನವೂ ಅದನ್ನೇ ಅಂದಳು. ಅತ್ತಿರಲಿಲ್ಲ, ದನಿ ಎತ್ತಿರಲಿಲ್ಲ, ಮಾತೂ ಬದಲಾಗಿರಲಿಲ್ಲ. ಆಗ ನಾಗರಾಜುವಿಗೆ ಅರ್ಥವಾಯಿತು. ಬಿಸ್ಮಿಲ್ಲಾ ಎದ್ದು ಇಂಜಿನ್ನನ್ನು ಒಳಗಿನ ಗೂಡಿನಿಂದ ಇಳಿಸಿ ಜಗಲಿಗೆ ತಂದ. ಏಕೆಂದರೆ ಕೆಂಪಯ್ಯ ಮಾತು ತೆಗೆದುಕೊಂಡದ್ದು ಆಕೆಯೊಬ್ಬಳಿಂದಲೇ ಅಲ್ಲ.

"ಏನಂತದೆ ಸಾಬ್ರೇ?" ನಾಗರಾಜು ಮತ್ತೆ ಬಂದು ಜಗಲಿಯ ಕೆಳಗೆ ನಿಂತ.

"ವಾಲ್ವು ತೇದೈತೆ ಅಂತ ಅಣ್ಣ ಯಾವಾಗ್ಲೂ ಅಂತಿದ್ದ. ತೇದು ತೇದು ಈಗ ಹಿಡ್ಕಂಡೈತೆ ಅನ್ಸುತ್ತೆ."

"ತೇದಿದ್ರೆ?"

"ತೇದಿದ್ರೆ ಇವತ್ತು ಆಗೋ ಕೆಲಸ ಅಲ್ಲ ನಾಗರಾಜಣ್ಣ."

ನಾಗರಾಜು ಸೂರ್ಯನನ್ನು ನೋಡಿದ, ಅತ್ತಿಗೆಯನ್ನು ನೋಡಿದ, ಇಬ್ಬರಲ್ಲಿ ಯಾರನ್ನೂ ನಿಲ್ಲಿಸಲಾಗದು ಎಂದು ಗೊತ್ತಾಗಿ ಬೀಡಿ ಸೇದಲು ಬೀದಿಗೆ ಹೋದ.

*

ಕೆಂಪಯ್ಯ ಹುಟ್ಟಾ ಒಕ್ಕಲಿಗ, ಆದರೆ ನೇಗಿಲು ಹಿಡಿದದ್ದಕ್ಕಿಂತ ಬಾಯ್ಲರಿನ ಕೀಲಿ ಹಿಡಿದದ್ದೇ ಹೆಚ್ಚು. ಊರಾಚೆ ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯೊಂದಿತ್ತು. ಅಲ್ಲಿನ ಉಗಿಯೆಲ್ಲ ಅವನ ಉಸ್ತುವಾರಿಯಲ್ಲಿತ್ತು. ಬಾಯ್ಲರ್ ಅಂದರೆ ಅವನಿಗೆ ಹಾಲುಕರೆಯುವ ಎಮ್ಮೆ ಇದ್ದ ಹಾಗೆ, ಒಂದು ದಿನ ಮುಖ ತೋರಿಸದಿದ್ದರೆ ಸಮಾಧಾನವಿಲ್ಲ. ಭಾನುವಾರ ಬೆಂಕಿ ಆರಿಸಿರುತ್ತಿದ್ದರೂ, ಒಂದ್ಸಲ ನೋಡ್ಕಂಡು ಬತ್ತೀನಿ ಎಂದು ಹೋದವನು ಸಂಜೆಗೆ ಬರುತ್ತಿದ್ದ. ಮದುವೆಯಾಗಿ ಬಂದ ಕಾವೇರಮ್ಮ ಎಷ್ಟೋ ವರ್ಷ ಭಾನುವಾರದ ಸಾರನ್ನು ಒಬ್ಬಳೇ ಉಂಡಳು.

ಬಿಸ್ಮಿಲ್ಲಾ ಅವನಿಗೆ ಗಂಟುಬಿದ್ದದ್ದೂ ಉಗಿಯಿಂದಲೇ. ಬಿಸ್ಮಿಲ್ಲಾನದು ಬೊಂಬೆ ಕಡೆಯುವ ಮನೆತನ. ಆಲೆ ಮರದ ತುಂಡನ್ನು ಕಡೆಯುವ ಯಂತ್ರಕ್ಕೆ ಸಿಕ್ಕಿಸಿ, ಉಳಿ ಹಿಡಿದು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತಿ ಹೊಳಪು ಬರಿಸುವುದು ಅವನ ಕಸುಬು. ಒಂದು ದಿನ ಕೆಂಪಯ್ಯ ಅವನ ಅಂಗಡಿಗೆ ಬಂದು, ಒಂದು ಚಕ್ರ ಕಡೆದುಕೊಡು, ತೂಕ ಸುತ್ತ ಅಂಚಲ್ಲಿರಬೇಕು, ಎಲ್ಲೂ ಒಂದು ಕೂದಲಷ್ಟು ಓಲಾಡಬಾರದು ಎಂದ. ಏತಕ್ಕೆ ಅಂದರೆ, ಇಂಜಿನ್ನಿಗೆ ಅಂದ. ಬಿಸ್ಮಿಲ್ಲಾ ನಕ್ಕ. ಆಮೇಲೆ ಕಾರ್ಖಾನೆಯ ಗುಜರಿಯಿಂದ ಆಯ್ದ ಹಿತ್ತಾಳೆಯ ಚೂರುಗಳನ್ನು ಕೆಂಪಯ್ಯ ಒಂದೊಂದಾಗಿ ಅರದಲ್ಲಿ ಉಜ್ಜುತ್ತ, ಮುತ್ತು ಪೋಣಿಸುವಷ್ಟು ತಾಳ್ಮೆಯಿಂದ ಜೋಡಿಸುತ್ತ ಹೋದಾಗ ನಗು ನಿಂತು ಅವನೂ ಅಲ್ಲೇ ಕೂತ. ಮೊದಲ ಸಲ ಕೆಂಡದ ಮೇಲೆ ಉಗಿ ಎದ್ದು, ಕೆಂಪು ಹಳದಿ ಅರಗಿನ ಚಕ್ರ ಚಕಚಕನೆ ತಿರುಗಿದ ದಿನ ಇಬ್ಬರೂ ಯಾವುದೋ ಮದುವೆ ಮುಗಿಸಿದವರ ಹಾಗೆ ತಟ್ಟೆಇಡ್ಲಿ ತಿನ್ನಲು ಬಿಡದಿಗೆ ಬಸ್ಸು ಹತ್ತಿದ್ದರು.

ಅದರ ಜೀವ ಎಲ್ಲಿದೆ ಎಂದು ಕೇಳಿದರೆ ಕೆಂಪಯ್ಯ ವಾಲ್ವಿನ ಪೆಟ್ಟಿಗೆ ತೋರಿಸುತ್ತಿದ್ದ. ಅದರೊಳಗೆ ಬೆಂಕಿಪೊಟ್ಟಣದ ಅರ್ಧದಷ್ಟಿರುವ ಹಿತ್ತಾಳೆಯ ತುಂಡು. ಮೂರು ಸೀಳುಗಳಿರುವ ನುಣುಪಾದ ಮುಖದ ಮೇಲೆ ಅದು ಹಿಂದಕ್ಕೂ ಮುಂದಕ್ಕೂ ಜಾರುತ್ತದೆ. ಜಾರಿದ ಹಾಗೆ ಉಗಿಯನ್ನು ಪಿಸ್ಟನ್ನಿನ ಈ ಬದಿಗೊಮ್ಮೆ ಆ ಬದಿಗೊಮ್ಮೆ ಬಿಡುತ್ತದೆ. ಎರಡು ಮುಖವೂ ಒಂದಕ್ಕೊಂದು ಅಂಟಿದಂತೆ ಕೂರಬೇಕು. ಉಗಿ ಬೆನ್ನ ಮೇಲೆ ಕೂತು ಒತ್ತುತ್ತಲೇ ಇರುವುದರಿಂದ ನಡುವೆ ಎಣ್ಣೆಯ ಪೊರೆ ಇರಲೇಬೇಕು. ತೆಳು ಎಣ್ಣೆಯನ್ನು ಉಗಿ ತೊಳೆದುಬಿಡುತ್ತದೆ, ಆಗ ಹಿತ್ತಾಳೆ ಹಿತ್ತಾಳೆಯನ್ನೇ ತಿನ್ನುತ್ತದೆ. ಅದಕ್ಕೇ ಕೆಂಪಯ್ಯ ಕಾರ್ಖಾನೆ ಮುಚ್ಚುವಾಗ ಬೇರೇನನ್ನೂ ಕೇಳದೆ ಬೆಲ್ಲದ ಪಾಕದಷ್ಟು ಮಂದವಾದ ಸಿಲಿಂಡರ್ ಎಣ್ಣೆಯ ಒಂದು ಡಬ್ಬ ಕೇಳಿ ತಂದಿಟ್ಟುಕೊಂಡಿದ್ದ. ಇಂಜಿನ್ನಿನ ತಲೆಯ ಮೇಲೆ ಒಂದು ಪುಟ್ಟ ಬಟ್ಟಲು. ಅದಕ್ಕೆ ಆ ಎಣ್ಣೆ ತುಂಬಿದರೆ ಉಗಿಯೇ ಒಳಹೊಕ್ಕು, ನೀರಾಗಿ ತಳಕ್ಕಿಳಿದು, ಎಣ್ಣೆಯನ್ನು ತೊಟ್ಟು ತೊಟ್ಟಾಗಿ ಮೇಲೆತ್ತಿ ವಾಲ್ವಿಗೆ ಕಳಿಸುತ್ತದೆ.

ಕಾರ್ಖಾನೆ ಮುಚ್ಚಿದ ಮೇಲೆ ಕೆಂಪಯ್ಯನ ಭಾನುವಾರಗಳು ಬಿಸ್ಮಿಲ್ಲಾನ ಅಂಗಡಿಗೆ ಬಂದವು. ಬೆಳಿಗ್ಗೆ ಸೈಕಲ್ಲು ನಿಲ್ಲಿಸಿದರೆ ಸಂಜೆಯೇ. ಹೀಗೇ ಒಂದಷ್ಟು ಕಾಲ ನಡೆದು, ಆಮೇಲೆ ಇದ್ದಕ್ಕಿದ್ದ ಹಾಗೆ ಬರುವುದು ನಿಂತುಹೋಯಿತು. ಏನಾಯಿತೋ ಎಂದು ಬಿಸ್ಮಿಲ್ಲಾನೇ ಇಲ್ಲಿಗೆ ಬಂದು ನೋಡಿದರೆ, ಕೆಂಪಯ್ಯ ಜಗಲಿಯ ಮೇಲೆ ಗೋಣಿಚೀಲ ಹಾಸಿ ಇಂಜಿನ್ನು ಬಿಚ್ಚಿಕೊಂಡು ಕೂತಿದ್ದ.

"ವಾಲ್ವು ತೇಯ್ತಾ ಐತೆ ಕಣ್ಲಾ," ಎಂದಿದ್ದ.

ಅಂದಿನಿಂದ ಪ್ರತಿ ಭಾನುವಾರ ಅದೇ ಮಾತು, ಅದೇ ಗೋಣಿಚೀಲ. ಬಿಸ್ಮಿಲ್ಲಾ ಬರುವಷ್ಟರಲ್ಲಿ ಒರೆಸಿ, ಉಜ್ಜಿ, ಮುಚ್ಚಳ ಮುಚ್ಚುತ್ತಿರುತ್ತಿದ್ದ. ಪಕ್ಕದಲ್ಲಿ ಕಾವೇರಮ್ಮ ಮೊರದಲ್ಲಿ ಅವರೆಕಾಯಿ ಸುಲಿಯುತ್ತ, ಊರಿನಲ್ಲಿ ಯಾರ ಮಗಳು ಯಾರನ್ನು ಕಟ್ಟಿಕೊಂಡಳೆಂದು ಹೇಳುತ್ತಿದ್ದಳು. ಇಷ್ಟು ತೇಯುವ ವಾಲ್ವು ಯಾವ ಜಾತಿಯದು ಎಂದು ರೋಸಿಹೋಗಿ ಬಿಸ್ಮಿಲ್ಲಾ ಒಮ್ಮೆ ಹಿತ್ತಾಳೆಗಿಂತ ಹೆಚ್ಚು ಬಾಳುವ ಗನ್‌ಮೆಟಲಿನ ಗಟ್ಟಿ ತುಂಡೊಂದನ್ನು ತಂದುಕೊಟ್ಟ. ಇದರಲ್ಲಿ ಹೊಸದು ಮಾಡಿ ಹಾಕು, ಸಾಯೋವರೆಗೂ ನೋಡಬೇಕಾಗಿಲ್ಲ ಅಂದ. ಕೆಂಪಯ್ಯ ಭಾರಿ ಖುಷಿಯಿಂದ ತೆಗೆದುಕೊಂಡು ಡಬ್ಬಕ್ಕೆ ಹಾಕಿಟ್ಟ. ಆ ತುಂಡು ಅಲ್ಲಿಂದ ಈಚೆಗೆ ಬರಲೇ ಇಲ್ಲ.

*

ಬಿಸ್ಮಿಲ್ಲಾ ಸ್ಪ್ಯಾನರ್ ಕೈಗೆತ್ತಿಕೊಂಡಾಗ ಕೆಂಪಯ್ಯನ ಮಗ ನಟರಾಜು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಬಿಡದಿಯ ಕಾರು ಕಾರ್ಖಾನೆಯಲ್ಲಿ ಕೆಲಸ. ರಾತ್ರಿ ಪಾಳಿ ಮುಗಿಸಿ ಬಂದವನು ಬಟ್ಟೆ ಬದಲಿಸುವಷ್ಟೂ ಹೊತ್ತಿಲ್ಲದೆ ಅಪ್ಪನ ತಲೆಯ ಹತ್ತಿರ ಕೂತಿದ್ದ. ಕಣ್ಣು ಕೆಂಪಾಗಿದ್ದವು.

ತನ್ನ ಫೋನಿನಲ್ಲಿ ಹೋದ ಆಯುಧಪೂಜೆಯ ವಿಡಿಯೋ ಇದೆ, ಇಂಜಿನ್ನು ಚೆನ್ನಾಗಿ ಓಡುತ್ತಿರುವುದು, ಸದ್ದೂ ಸ್ಪಷ್ಟವಾಗಿದೆ, ಶಾಮಿಯಾನದವರ ಸ್ಪೀಕರಿಗೆ ಹಾಕಿಬಿಟ್ಟರೆ ಹೇಗೆ ಎಂದು ಮೆಲ್ಲಗೆ ಕೇಳಿದ. ಬಿಸ್ಮಿಲ್ಲಾನಿಗೆ ಆ ಉಪಾಯ ಎಷ್ಟು ಹಿಡಿಸಿತೆಂದರೆ, ಒಂದು ಗಳಿಗೆ ಸ್ಪ್ಯಾನರ್ ಕೆಳಗೇ ಇಟ್ಟ. ಆದರೆ ಕಂಬದ ಬುಡದಿಂದ ಕಾವೇರಮ್ಮನಿಗೆ ಎಲ್ಲವೂ ಕೇಳಿಸುತ್ತಿತ್ತು. ನಟರಾಜ, ನಿಮ್ಮಪ್ಪ ಹೋಗಿರಬಹುದು, ಕಿವುಡಾಗಿಲ್ಲ ಎಂದಳು. ಮಗ ಫೋನು ಜೇಬಿಗಿಟ್ಟ. ಕುರ್ಚಿಯ ಮೇಲಿದ್ದ ಮುದುಕರಲ್ಲಿ ಇಬ್ಬರು ಮುಸಿಮುಸಿ ನಕ್ಕು, ನಕ್ಕದ್ದಕ್ಕೆ ನಾಚಿ ಪಂಚೆ ಸರಿಮಾಡಿಕೊಂಡರು.

ನೋಡುನೋಡುತ್ತಿದ್ದ ಹಾಗೆ ಜಗಲಿಯ ಸುತ್ತ ಜನ ಸೇರಿದರು. ಹೆಣ ನೋಡಲು ಬಂದವರೆಲ್ಲ ಇಂಜಿನ್ನು ನೋಡುವವರಾದರು. ಪೆಟ್ರೋಲ್ ಹಾಕು, ಬಡಿ, ಬಿಸಿಲಿಗಿಡು ಎಂದು ಒಬ್ಬೊಬ್ಬರದು ಒಂದೊಂದು ವೈದ್ಯ. ಬಿಸ್ಮಿಲ್ಲಾ ಮೊದಲ ನಟ್ಟಿಗೆ ಸ್ಪ್ಯಾನರ್ ಹಾಕಿದವನು ಹಾಗೇ ನಿಂತ. ಕೆಂಪಯ್ಯ ಹೇಳಿದ ಮಾತು ಈಗ ನೆನಪಿಗೆ ಬಂತು.

*

ತೀರಿಕೊಳ್ಳುವ ಕೆಲವು ವಾರಗಳ ಹಿಂದೆ, ಅವನು ಮಂಚದ ಮೇಲೆ ದಿಂಬಿಗೊರಗಿಕೊಂಡು, ಎದುರು ಗೂಡಿನಲ್ಲಿಟ್ಟಿದ್ದ ಇಂಜಿನ್ನನ್ನೇ ನೋಡುತ್ತಿದ್ದ. ಬಿಸ್ಮಿಲ್ಲಾ ತಂದ ಬಾಳೆಹಣ್ಣು ಸುಲಿದು ಕೊಡುತ್ತಿದ್ದ. ಕಾವೇರಮ್ಮ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು.

ನಾನು ಹೋದಾಗ ಪಟಾಕಿ ಹೊಡೆಯಬೇಡಿ ಎಂದು ಕೆಂಪಯ್ಯ ಶುರುಮಾಡಿದ. ಬಾಯ್ಲರ್ ಕಾದವನಿಗೆ ಢಂ ಅನ್ನುವ ಸದ್ದು ಆಗಿಬರುವುದಿಲ್ಲ, ಇಡೀ ಜನ್ಮ ಅದೊಂದು ಸದ್ದು ಆಗದ ಹಾಗೆ ನೋಡಿಕೊಂಡೇ ಕಳೆದಿದ್ದೇನೆ, ಈಗ ಕೊನೆಗೆ ನನ್ನ ಕಿವಿಯ ಹತ್ತಿರವೇ ಹೊಡೆದರೆ ಎದ್ದು ಕೂತುಬಿಡುತ್ತೇನೆ ಎಂದ. ಕಾವೇರಮ್ಮ ಬಿಡ್ತು ಅನ್ನಿ ಎಂದು ಗದರಿದಳು.

"ನಮ್ಮ ಇಂಜಿನ್ನು ಒಸಿ ಹೊತ್ತು ಓಡ್ಲಿ. ಎತ್ತೋವರ್ಗೂ. ಅಷ್ಟು ಸಾಕು," ಎಂದು ಕೆಂಪಯ್ಯ ಇಬ್ಬರ ಕೈಯನ್ನೂ ಹಿಡಿದು ಹೂಂ ಅನ್ನಿಸಿಕೊಂಡ.

ಕಾವೇರಮ್ಮ ಕೈ ತೊಳೆಯಲು ಎದ್ದುಹೋದ ಮೇಲೆ ಅವನು ಬಿಸ್ಮಿಲ್ಲಾನನ್ನು ಹತ್ತಿರಕ್ಕೆ ಕರೆದ.

"ಅದು ಓಡಕ್ಕಿಲ್ಲ ಕಣ್ಲಾ. ಬಿಚ್ಬೇಕಾಯ್ತದೆ. ಬಿಚ್ಚೋವಾಗ ನೀನೊಬ್ನೇ ಬಿಚ್ಚು. ಯಾರೂ ಇರಕೂಡ್ದು."

ಯಾಕಣ್ಣ, ಸ್ಕ್ರೂ ಕಳೆದುಹೋಗ್ತವೆ ಅಂತಲಾ ಎಂದು ಬಿಸ್ಮಿಲ್ಲಾ ಕೇಳಿದ. ಕೆಂಪಯ್ಯ ಬಾಳೆಹಣ್ಣು ಅಗಿಯುತ್ತ, ಹೂಂ ಸ್ಕ್ರೂ, ಸ್ಕ್ರೂ ಎಂದು ನಕ್ಕಿದ್ದ.

*

ಬಿಸ್ಮಿಲ್ಲಾ ಇಂಜಿನ್ನನ್ನು ಮಗುವಿನ ಹಾಗೆ ಎದೆಗವಚಿಕೊಂಡು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ರಾಗಿಚೀಲದ ಪಕ್ಕ, ಕಿಟಕಿಯ ಬೆಳಕಿಗೆ ಇಟ್ಟುಕೊಂಡು ವಾಲ್ವಿನ ಪೆಟ್ಟಿಗೆಯ ನಟ್ಟುಗಳನ್ನು ಒಂದೊಂದಾಗಿ ಬಿಚ್ಚಿದ. ಮುಚ್ಚಳ ಏಳಲಿಲ್ಲ. ಉಳಿಯ ತುದಿ ಕೊಟ್ಟು ಮೀಟಿದಾಗ ಚಪ್ ಎಂದು ಸದ್ದುಮಾಡಿ ಬಂತು.

ಒಳಗೆ ಗುಗ್ಗುಳದಂಥ ಕಂದು ಜಿಡ್ಡು ತುಂಬಿ ಗಟ್ಟಿಯಾಗಿತ್ತು. ವಾಲ್ವು ಅದರಲ್ಲಿ ಹೂತುಹೋಗಿತ್ತು. ಬಿಸ್ಮಿಲ್ಲಾ ಚಿಂದಿ ಬಟ್ಟೆ ಸುತ್ತಿದ ಬೆರಳಿನಲ್ಲಿ ಅದನ್ನು ಕೆರೆದು, ಮೂಲೆಯಿಂದ ಮೂಲೆಗೆ ಬಿಡಿಸಿ, ವಾಲ್ವನ್ನು ಈಚೆಗೆ ತೆಗೆದು ಉಜ್ಜಿ ಬೆಳಕಿಗೆ ಹಿಡಿದ. ಅದರ ಮುಖ ಕನ್ನಡಿಯ ಹಾಗಿತ್ತು. ಒಂದು ಗೀರಿಲ್ಲ, ಒಂದು ತಗ್ಗಿಲ್ಲ. ತೇಯುವುದಿರಲಿ, ಹೊಳಪು ಕೂಡ ಮಾಸದೆ ಅದು ನಿನ್ನೆ ಮಾಡಿದಂತೆ ಕೂತಿತ್ತು.

ತೇದಿರಲೇ ಇಲ್ಲ. ಯಾವ ಕಾಲಕ್ಕೂ ತೇದಿರಲಿಲ್ಲ. ಹಾಗಾದರೆ ಇಷ್ಟು ವರ್ಷ ಭಾನುವಾರ ಭಾನುವಾರ ಈ ಮಹಾರಾಯ ಹೇಳುತ್ತಿದ್ದದ್ದು ಏನು?

ಬಿಸ್ಮಿಲ್ಲಾ ಬಟ್ಟೆಯನ್ನು ಮೂಗಿಗೆ ಹಿಡಿದ. ಸಿಲಿಂಡರ್ ಎಣ್ಣೆಯ ವಾಸನೆ ಅಲ್ಲ. ಪರಿಚಯದ ವಾಸನೆ, ಆದರೆ ಗುಜರಿ ಕಾರ್ಖಾನೆಗಳ ಕಡೆಯದಲ್ಲ. ಈ ಮನೆಗೆ ಸಂಜೆಹೊತ್ತು ಬಂದಾಗೆಲ್ಲ ನಡುಮನೆಯಿಂದ ಬರುತ್ತಿದ್ದ ವಾಸನೆ. ದೇವರ ದೀಪದ ಎಣ್ಣೆ. ಸಂಜೆ ದೀಪ ಹಚ್ಚಿ, ಕೈಯಲ್ಲಿದ್ದ ಗಿಂಡಿಯಿಂದ ಇಂಜಿನ್ನಿನ ಬಟ್ಟಲಿಗೂ ಒಂದು ಧಾರೆ ಬಿಡುತ್ತಿದ್ದ ಕಾವೇರಮ್ಮನನ್ನು ಅವನು ಎಷ್ಟೋ ಸಲ ಕಂಡಿದ್ದ. ಪೂಜೆಯ ಒಂದು ಭಾಗ ಅದು, ಕುಂಕುಮ ಇಟ್ಟ ಹಾಗೆ ಎಂದುಕೊಂಡಿದ್ದ. ದೀಪದ ಎಣ್ಣೆ ಉಗಿಗೆ ಬೆಂದು ಅಂಟಾಗುತ್ತದೆ, ಅಂಟಾಗಿ ವಾಲ್ವನ್ನು ಹಿಡಿಯುತ್ತದೆ. ವಾರ ವಾರ ಬಿಚ್ಚಿ ತೊಳೆಯದಿದ್ದರೆ ಇಂಜಿನ್ನು ಓಡುವ ಹಾಗೇ ಇಲ್ಲ.

ಹೆಂಡತಿಗೆ ಇದು ಹಾಕಬೇಡ ಕಣೇ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಕೆಂಪಯ್ಯ ಹೇಳಿರಲಿಲ್ಲ. ತೇಯುತ್ತಿದೆ ಎಂದು ಊರಿಗೆಲ್ಲ ಸುಳ್ಳು ಹೇಳಿ, ಸುಮ್ಮನೆ ಕೂತು ಒರೆಸಿಕೊಂಡಿದ್ದ. ಬಿಸ್ಮಿಲ್ಲಾನಿಗೆ ನಗು ಬಂತು. ಎಂಥಾ ಕಳ್ಳ ನೀನು ಎಂದು ಬಾಗಿಲಾಚೆ ಮಲಗಿದ್ದವನನ್ನು ಮನಸ್ಸಿನಲ್ಲೇ ಬೈದ.

ಬಾಗಿಲು ಕಿರ್ರೆಂದಿತು. ಕಾವೇರಮ್ಮ ಒಳಗೆ ಬಂದಳು. ಆಕೆಯ ಕೈಯಲ್ಲಿ ದೀಪದ ಎಣ್ಣೆಯ ಗಿಂಡಿ ಇತ್ತು.

"ಏನಾಗೈತಪ್ಪಾ ಬಿಸ್ಮಿಲ್ಲಾ?"

ಅವನು ಬಟ್ಟೆಯನ್ನು ಮಡಿಲ ಕೆಳಗೆ ಸೇರಿಸಿಕೊಂಡ. ಗಂಡನ ಹೆಣ ಅಂಗಳದಲ್ಲಿರುವಾಗ, ನಿಮ್ಮ ಎಣ್ಣೆಯಿಂದಲೇ ಇದು ನಿಂತಿದೆ ಅಂತ ಯಾವ ಬಾಯಲ್ಲಿ ಹೇಳುವುದು. ಕೆಂಪಯ್ಯ ಇಷ್ಟು ವರ್ಷ ಹೇಳಿದ ಸುಳ್ಳನ್ನು ಇನ್ನೊಂದು ದಿನ ಹೇಳಿದರೆ ತಪ್ಪೇನಿಲ್ಲ ಎನಿಸಿತು.

"ತೇದೈತೆ ಕಣಕ್ಕ. ಒಸಿ ಉಜ್ಜಿದ್ರೆ ಆಯ್ತದೆ."

ಕಾವೇರಮ್ಮ ಅವನ ಮುಖ ನೋಡಿದಳು. ಆಮೇಲೆ ಬಗ್ಗಿ ಅವನ ಮಡಿಲ ಕೆಳಗಿಂದ ಬಟ್ಟೆಯ ತುದಿ ಹಿಡಿದೆಳೆದು ಈಚೆಗೆ ತೆಗೆದಳು.

"ತೇದಿಲ್ಲ. ಇದು ನಮ್ಮನೆ ದೀಪದ ಎಣ್ಣೆ," ಎಂದಳು. "ಈ ಬಟ್ಟೆ ಒಗೀತಿದ್ದೋಳು ನಾನಲ್ವಾ? ಫ್ಯಾಕ್ಟ್ರಿ ಎಣ್ಣೆ ಕಪ್ಪಗೆ ಹೋಯ್ತದೆ, ಇದು ಕಂದುಗೆ ಹಿಡ್ಕತ್ತದೆ. ಮೊದಲ್ನೇ ಸಲವೇ ಗೊತ್ತಾಯ್ತು."

ಬಿಸ್ಮಿಲ್ಲಾ ವಾಲ್ವನ್ನು ಕೆಳಗಿಟ್ಟ. ಗೊತ್ತಿದ್ದೂ ಯಾಕಕ್ಕ ಹಾಕ್ತಿದ್ರಿ ಎಂದ.

ಕಾವೇರಮ್ಮ ರಾಗಿಚೀಲದ ಮೇಲೆ ಕೂತಳು. ಬೆಳಗಿನಿಂದ ನಿಂತಲ್ಲಿ ಕೂತಲ್ಲಿ ಬಿಗಿಹಿಡಿದಿದ್ದ ಮೈ ಈಗ ಸಡಿಲವಾಯಿತು.

"ಇಂಜಿನ್ನು ಸರಿಯಾಗಿದ್ರೆ ಆವಯ್ಯ ಭಾನುವಾರ ಮನೇಲಿ ಕುಂತ್ಕತ್ತಿತ್ತಾ? ಮೊದ್ಲು ಬಾಯ್ಲರ್ರು, ಆಮೇಕೆ ನಿನ್ನ ಅಂಗಡಿ. ಅರಿವಿಲ್ದೆ ಒಂದ್ಸಲ ಹಾಕ್ದೆ. ಇಡೀ ಭಾನುವಾರ ಜಗಲಿ ಮೇಲೆ ಕುಂತು ಬಿಚ್ಚಿ ಒರೆಸ್ತು. ನಾನೂ ಪಕ್ಕದಲ್ಲಿ ಕುಂತ್ಕಂಡೆ. ಚೆನ್ನಾಗಿತ್ತು. ಅದಕ್ಕೇ ಮುಂದಿನ ವಾರಾನೂ ಹಾಕ್ದೆ."

"ಅಣ್ಣನಿಗೂ ಗೊತ್ತಿತ್ತು ಅಕ್ಕ."

"ಗೊತ್ತಿಲ್ದೆ ಏನು, ಮೂಗಿರ್ಲಿಲ್ವಾ? ನಂಗೆ ಗೊತ್ತು ಅಂತ ಅವರಿಗೆ ಗೊತ್ತಿತ್ತೋ ಇಲ್ವೋ, ಅದೊಂದು ಕೇಳ್ಲಿಲ್ಲ." ಆಕೆ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಗಿಂಡಿಯನ್ನು ಮಡಿಲಲ್ಲಿಟ್ಟುಕೊಂಡು, "ಮಂಚ ಹಿಡಿದ ಮೇಕೂ ಹಾಕ್ದೆ ಕಣಪ್ಪಾ. ದಿನಾ ಹಾಕ್ದೆ. ಹಿಂಗೆ ಹಿಡ್ಕಂಡು ನಿಂತೋದ್ರೆ, ಈ ಭಾನುವಾರ ಅಲ್ಲಾ ಮುಂದಿನ ಭಾನುವಾರ ಎದ್ದು ಬಿಚ್ಚಕ್ಕೆ ಕೂರ್ತಾರೇನೋ ಅಂತ," ಎಂದಳು.

ಆಗ ಅತ್ತಳು. ಬೆಳಗಿನಿಂದ ಬಾರದ ಅಳು ಈಗ ಹೊಟ್ಟೆಯಿಂದ ಬಂತು. ಬಿಸ್ಮಿಲ್ಲಾ ತಾನೂ ಕಣ್ಣೊರೆಸಿಕೊಂಡ. ಒರೆಸಿಕೊಂಡದ್ದು ಅದೇ ಜಿಡ್ಡಿನ ಕೈಯಲ್ಲಿ, ಕೆನ್ನೆಯೆಲ್ಲ ಕಂದಾಯಿತು. ಅದನ್ನು ನೋಡಿ ಆಕೆಯೇ ಮೊದಲು ಸಮಾಧಾನ ತಂದುಕೊಂಡು, ಈಗ ಏನು ಬೇಕು ಹೇಳು ಎಂದಳು.

ಬಿಸಿನೀರು ಬೇಕು ಎಂದ ಬಿಸ್ಮಿಲ್ಲಾ. ಕುದಿಯುವಷ್ಟು ಬಿಸಿ.

*

ಸಾವಿನ ಮನೆಯಲ್ಲಿ ಹೆಣ ಎತ್ತುವವರೆಗೆ ಒಲೆ ಹಚ್ಚುವ ಹಾಗಿಲ್ಲ. ಅಂಗಳದ ಮೂಲೆಯಲ್ಲಿ ಮೂರು ಕಲ್ಲಿಟ್ಟು, ಕೆಂಪಯ್ಯನ ಮೈತೊಳೆಯಲು ಹಂಡೆಯಲ್ಲಿ ನೀರು ಕಾಯಿಸುತ್ತಿದ್ದರು. ಬಿಸ್ಮಿಲ್ಲಾ ಒಂದು ಚೊಂಬು ಕೇಳಿದಾಗ ನಾಗರಾಜು ಅಡ್ಡ ನಿಂತ. ಸತ್ತವರ ಸ್ನಾನದ ನೀರನ್ನು ಇನ್ನೊಂದಕ್ಕೆ ಬಳಸುವುದು ಎಲ್ಲಾದರೂ ಉಂಟಾ, ಹಿರಿಯರು ಏನೆಂದಾರು ಎಂದ. ಆ ಮನೆಯ ಮಟ್ಟಿಗೆ ಈಗ ಅವನೇ ಹಿರಿಯ ಎಂಬುದು ಅವನಿಗೂ ಹೊಳೆದಿರಲಿಲ್ಲ.

"ಇನ್ನೊಂದಲ್ಲ ಕಣಪ್ಪಾ ನಾಗರಾಜು. ಇದೂ ಅವರೇ ತಾನೆ. ಹುಯ್ಯಿ," ಎಂದಳು ಕಾವೇರಮ್ಮ.

ನಾಗರಾಜು ಚೊಂಬು ತುಂಬಿ ತಾನೇ ತಂದುಕೊಟ್ಟ. ಅತ್ತ ಗಂಡಸರು ಕೆಂಪಯ್ಯನಿಗೆ ನೀರು ಹಾಕಿದರು, ಇತ್ತ ಬಿಸ್ಮಿಲ್ಲಾ ಇಂಜಿನ್ನಿಗೆ ಹಾಕಿದ. ಸೋಪಿನಪುಡಿ ಹಾಕಿ ತೊಳೆದ ಹಾಗೆ ಜಿಡ್ಡು ಎಳೆಯೆಳೆಯಾಗಿ ಬಿಟ್ಟುಬಂತು. ಸೀಳುಗಳನ್ನು ಪೊರಕೆಕಡ್ಡಿಯಿಂದ ಬಿಡಿಸಿ, ಒಣಬಟ್ಟೆಯಲ್ಲಿ ಒರೆಸಿ, ವಾಲ್ವನ್ನು ಅದರ ಮುಖದ ಮೇಲೆ ಕೂರಿಸಿದ. ಬೆರಳಲ್ಲಿ ತಳ್ಳಿದರೆ ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು. ಮುಚ್ಚಳ ಬಿಗಿದು, ಕೆಂಪಯ್ಯನ ಡಬ್ಬದ ತಳದಲ್ಲಿ ಉಳಿದಿದ್ದ ಸಿಲಿಂಡರ್ ಎಣ್ಣೆಯನ್ನು ಕಾವೇರಮ್ಮನ ಕೈಗೆ ಕೊಟ್ಟ. ಆಕೆ ಗಿಂಡಿ ಬಗ್ಗಿಸಿದಷ್ಟೇ ಭಕ್ತಿಯಿಂದ ಡಬ್ಬ ಬಗ್ಗಿಸಿ ಬಟ್ಟಲು ತುಂಬಿದಳು.

ಅಷ್ಟರಲ್ಲಿ ಕೆಂಪಯ್ಯನಿಗೆ ಹೊಸ ಬಿಳಿ ಬಟ್ಟೆ ಹೊದಿಸಿ ಚಟ್ಟದ ಮೇಲೆ ಮಲಗಿಸಿದ್ದರು. ಇಂಜಿನ್ನನ್ನು ಅವನ ಭುಜದ ಪಕ್ಕದಲ್ಲೇ ಸ್ಟೂಲಿನ ಮೇಲಿಟ್ಟರು. ನಟರಾಜು ಹಂಡೆಯ ಕೆಳಗಿನ ಕೆಂಡವನ್ನು ಇಕ್ಕಳದಲ್ಲಿ ಆರಿಸಿ ತಂದು ಬಾಯ್ಲರಿನ ಕೆಳಗಿನ ತಟ್ಟೆಗೆ ಹಾಕಿದ. ಬೀಸಣಿಗೆ ಬೀಸಿದ. ತಮಟೆಯವರು ಯಾರೂ ಹೇಳದೆಯೇ ಕೋಲು ಕೆಳಗಿಟ್ಟು ಕಾದರು. ಹೊತ್ತು ತೆಂಗಿನ ಮರದ ತಲೆಗಿಂತ ಕೆಳಗಿಳಿದಿತ್ತು. ನಾಗರಾಜು ಒಂದು ಸಲವೂ ಆ ಕಡೆ ನೋಡಲಿಲ್ಲ.

ಬಾಯ್ಲರ್ ಮೊದಲು ಸಿಳ್ಳೆಯ ಹಾಗೆ ಸಣ್ಣಗೆ ಹಾಡಿತು. ಬಿಸ್ಮಿಲ್ಲಾ ಕೀಲಿ ತಿರುಗಿಸಿ ಚಕ್ರಕ್ಕೆ ಬೆರಳು ಕೊಟ್ಟ. ಅರ್ಧ ಸುತ್ತು ಹೋಗಿ ನಿಂತಿತು. ಮತ್ತೆ ಕೊಟ್ಟ. ಒಂದು ಸುತ್ತು, ಮತ್ತೊಂದು. ಆಮೇಲೆ ಅವನ ಬೆರಳನ್ನು ಕಾಯದೆ ತಾನೇ ಓಡಿತು. ಚಕ್ ಚಕ್ ಚಕ್ ಚಕ್ ಎಂಬ ಆ ಸದ್ದು ಅಂಗಳ ತುಂಬಿ ಬೀದಿಗೆ ಹೋಯಿತು, ಎದುರು ಮನೆಯವರು ಬಾಗಿಲಿಗೆ ಬಂದರು. ಕುರ್ಚಿಯ ಮುದುಕರು ಒಬ್ಬೊಬ್ಬರಾಗಿ ಎದ್ದುನಿಂತರು. ಕಾವೇರಮ್ಮ ಗಂಡನ ತಲೆಯ ಮೇಲೆ ಕೈಯಿಟ್ಟು, ಕೇಳಿಸ್ತಾ ಎಂದಳು.

ತಣ್ಣಗಿದ್ದ ಇಂಜಿನ್ನು ಮೊದಮೊದಲು ಉಗಿಯ ಜೊತೆ ನೀರು ಕಕ್ಕುತ್ತದೆ, ನೀರಿನ ಜೊತೆ ಎಣ್ಣೆ. ಗಡಿಬಿಡಿಯಲ್ಲಿ ಉಗಿ ಹೊರಹೋಗುವ ಕೊಳವೆ ಯಾವ ಕಡೆಗಿದೆ ಎಂದು ಬಿಸ್ಮಿಲ್ಲಾ ನೋಡಿರಲಿಲ್ಲ. ಕೆಂಪಯ್ಯನ ಹೊಚ್ಚಹೊಸ ಬಿಳಿ ಬಟ್ಟೆಯ ಮೇಲೆ, ಎದೆಯಿಂದ ಅಂಚಿನವರೆಗೆ, ಕಪ್ಪು ಚುಕ್ಕೆಗಳು ಟಪಟಪನೆ ಬಿದ್ದವು. ಹೆಂಗಸರು ಅಯ್ಯೋ ಎಂದರು. ನಾಗರಾಜು ಬೇರೆ ಬಟ್ಟೆ ತರಲು ಒಳಗೆ ಓಡಿದ. ಬಿಸ್ಮಿಲ್ಲಾ ಹೆಗಲ ಟವೆಲ್ಲಿನಿಂದ ಒರೆಸಲು ಬಗ್ಗಿದ.

"ಬುಡು ಬಿಸ್ಮಿಲ್ಲಾ," ಎಂದಳು ಕಾವೇರಮ್ಮ. "ಅದನ್ನ ನಾನು ಒಗೀಬೇಕಾಗಿಲ್ಲ."

ಬಿಸ್ಮಿಲ್ಲಾ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಚಟ್ಟದ ಮುಂದಿನ ಬಿದಿರಿಗೆ ಕೈಕೊಟ್ಟ. ನಟರಾಜು ಇನ್ನೊಂದು ಬದಿ ಹಿಡಿದ. ಎತ್ತಿದರು. ತಮಟೆ ಶುರುವಾಯಿತು. ಹೆಂಗಸರು ಬಾಗಿಲಲ್ಲಿ ನಿಂತರು, ಕಾವೇರಮ್ಮ ಇಕ್ಕಳ ಹಿಡಿದು ಬಾಯ್ಲರಿನ ಕೆಳಗೆ ಇನ್ನೊಂದು ಕೆಂಡ ದೂಡಿದಳು.

ಬೀದಿಯ ತಿರುವಿನಲ್ಲಿ ಹೆಗಲು ಬದಲಿಸಿಕೊಳ್ಳುವಾಗ ಬಟ್ಟೆಯ ಅಂಚು ಜೋತು ಬಿಸ್ಮಿಲ್ಲಾನ ಮುಖದ ಹತ್ತಿರಕ್ಕೆ ಬಂತು. ಅಂಚಿನಲ್ಲಿ ಮಡುಗಟ್ಟಿ ನಿಂತಿದ್ದ ಎಣ್ಣೆಯ ಒಂದು ತೊಟ್ಟು ಜಾರಿ ಅವನ ಬಿಳಿ ಜುಬ್ಬದ ಮೇಲೆ ಬಿದ್ದು ಅಗಲವಾಯಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಹಿಂದೆ ತಮಟೆಯ ಸಂದಿಯಲ್ಲಿ ಇಂಜಿನ್ನು ಇನ್ನೂ ಓಡುತ್ತಿತ್ತು.